ಹಿಂದಕ್ಕೆ ಬರುವ ಬಂಡಿಗೆ ಬೆಳಕು

ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಬಾಯಾರು ಕಡೆಗಳಲ್ಲಿ ಮನೆ ಎಂದರೆ ಹೆಚ್ಚಾಗಿ ಮಾರ್ಗದ ಬದಿಯ ಕಟ್ಟಡವಲ್ಲ. ಡಾಮರು ಮಾರ್ಗದಿಂದ ಗುಡ್ಡೆ ಕಡಿದು ಇಳಿಸಿದ ದಾರಿ, ಎರಡೂ ಕಡೆ ಆಳೆತ್ತರದ ಮುರಕಲ್ಲಿನ ಬರೆ, ಕೊನೆಗೆ ಅಂಗಳ, ಅಂಗಳದಾಚೆ ತೋಟ. ನಮ್ಮ ಹಿರಿಯರು ಈ ದಾರಿಗಳನ್ನು ಕಡಿಸಿದ್ದು ಎತ್ತಿನ ಗಾಡಿಗೆ, ಹೆಚ್ಚೆಂದರೆ ಒಂದು ಜೀಪಿಗೆ. ಈಗ ಅದೇ ದಾರಿಯಲ್ಲಿ ಕಾರು ಬರುತ್ತದೆ, ಅಡಿಕೆ ಒಯ್ಯುವ ಪಿಕಪ್ ಬರುತ್ತದೆ, ಗೊಬ್ಬರದ ಟೆಂಪೋ ಬರುತ್ತದೆ. ತಿರುಗಿಸಲು ಎಡೆಯಿಲ್ಲವಾದ್ದರಿಂದ ನೂರು ಹೆಜ್ಜೆಯಾದರೂ ಹಿಂದಕ್ಕೇ ತೆಗೆಯಬೇಕು.

ಹಗಲು ಇದು ಅಭ್ಯಾಸದ ಮಾತು. ಆಟಿ ತಿಂಗಳ ಮಳೆಯ ರಾತ್ರಿ ಹಾಗಲ್ಲ. ಹಿಂದಿನ ಗಾಜಿನಲ್ಲಿ ನೀರು, ಕನ್ನಡಿಯಲ್ಲಿ ನೀರು, ಒದ್ದೆಯಾದ ಕೆಂಪು ನೆಲವಂತೂ ಬಿದ್ದ ಬೆಳಕನ್ನು ನುಂಗಿಬಿಡುತ್ತದೆ. ಹಳೆಯ ವಾಹನಗಳಲ್ಲಿ ರಿವರ್ಸ್ ದೀಪವೆಂದು ಇರುವುದು 12 ವೋಲ್ಟಿನ, 21 ವಾಟಿನ ಒಂದು ಬಲ್ಬು. ಕೆಲವಕ್ಕೆ ಎರಡು, ಹಲವಕ್ಕೆ ಒಂದೇ. ಅದರ ಬೆಳಕು ಸುಮಾರು 460 ಲ್ಯೂಮೆನ್. ಮನೆಯ ಚಾವಡಿಯಲ್ಲಿ ಹಿಂದೆ ಉರಿಸುತ್ತಿದ್ದ 40 ವಾಟಿನ ಬಲ್ಬಿನಷ್ಟು ಎಂದು ತಿಳಿದರೆ ಸಾಕು. ಅದೂ ಕೆಸರು ಹಿಡಿದ ಗಾಜಿನೊಳಗಿನಿಂದ.

ಈ ವಿಷಯವನ್ನು ಎತ್ತಿಕೊಳ್ಳಲು ಕಾರಣ ಬಂಡಿಯ ಅಂದಚೆಂದವಲ್ಲ. ಮನೆಯಂಗಳದಲ್ಲಿ ವಾಹನ ಹಿಂದಕ್ಕೆ ತೆಗೆಯುವಾಗ ಮನೆಯ ಮಗುವೇ ಅಡಿಗೆ ಬಿದ್ದ ಸುದ್ದಿಯನ್ನು ನಾವು ಮತ್ತೆ ಮತ್ತೆ ಓದುತ್ತೇವೆ. ಅಲ್ಲಿ ಚಾಲಕ ಯಾರೋ ಪರವೂರಿನವನಲ್ಲ. ಅಪ್ಪನೋ ಅಜ್ಜನೋ ಮಾವನೋ ಆಗಿರುತ್ತಾನೆ. ಎತ್ತರದ ವಾಹನದ ಹಿಂದೆ ಕೆಲವು ಮೀಟರುಗಳಷ್ಟು ನೆಲ ಚಾಲಕನಿಗೆ ಕಾಣುವುದೇ ಇಲ್ಲ. ಅಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಅಡಿಕೆ ಹೆಕ್ಕುವ ಮಗುವಿನ ಎತ್ತರ ಎಷ್ಟಿದ್ದೀತು! 2019ರ ಜುಲೈ 1ರಿಂದ ದೇಶದಲ್ಲಿ ತಯಾರಾಗುವ ಹೊಸ ಕಾರುಗಳಿಗೆ ಹಿಂದಿನ ತಡೆ ಅರಿಯುವ ಸೆನ್ಸರ್ ಕಡ್ಡಾಯವಾಗಿದೆ. ಒಳ್ಳೆಯದೇ. ಆದರೆ ನೆಲಕ್ಕೆ ತಗ್ಗಾಗಿರುವುದನ್ನು, ಸಪೂರವಾದುದನ್ನು ಅದು ಬಿಟ್ಟುಬಿಡುವುದುಂಟು. ಕ್ಯಾಮರಾಕ್ಕಾದರೋ ನಮ್ಮ ಕಣ್ಣಿನಂತೆಯೇ ಬೆಳಕು ಬೇಕು. ನಮ್ಮ ಕಡೆ ಇನ್ನೂ ಓಡುತ್ತಿರುವ ಹಳೆಯ ಜೀಪು, ಪಿಕಪ್‌ಗಳಲ್ಲಿ ಇವೆರಡೂ ಇಲ್ಲ.

ಆದುದರಿಂದ ಹಿಂಬದಿಗೆ ಹೆಚ್ಚುವರಿ ಎಲ್‌ಇಡಿ ದೀಪ ಹಾಕಿಸುವ ರೂಢಿ ಬಂದಿದೆ. ನೀಲಿ ಬೆಳಕಿನ ಎಲ್‌ಇಡಿಯನ್ನು 1990ರ ದಶಕದ ಮೊದಲಲ್ಲಿ ಜಪಾನಿನವರು ಸಾಧಿಸಿದ ಮೇಲೆಯೇ ಬಿಳಿ ಎಲ್‌ಇಡಿ ಬಂದದ್ದು. ಅದಕ್ಕೆ 2014ರ ಭೌತವಿಜ್ಞಾನದ ನೊಬೆಲ್ ಸಂದಿತು. ಅಂಗೈಯಗಲದ ದೀಪವೊಂದು ಇಂದು 18 ವಾಟಿನಲ್ಲಿ ಹಳೆಯ ಬಲ್ಬಿನ ಮೂರು ಪಟ್ಟು ಬೆಳಕು ಕೊಡಬಲ್ಲದು. ಕೊಡಬಲ್ಲದು ಎಂದೇ ಹೇಳುತ್ತೇವೆ. ಪೆಟ್ಟಿಗೆಯ ಮೇಲೆ ಬರೆದುದೆಲ್ಲ ನಿಜವಲ್ಲ. ಅಂಗಡಿಯಲ್ಲಿ ಅಮ್ಮೀಟರ್ ಇದ್ದರೆ ಹಾಕಿ ನೋಡಲು ಹೇಳಿ. 12 ವೋಲ್ಟಿಗೆ ಒಂದೂವರೆ ಆಂಪಿಯರ್ ಎಳೆದರೆ 18 ವಾಟ್. ಅರ್ಧ ಆಂಪಿಯರ್ ಎಳೆಯುವುದು 6 ವಾಟಿನ ದೀಪ, ಹೊರಗೆ ಏನೇ ಮುದ್ರಿಸಿರಲಿ.

ದೀಪದ ಜತೆಗೆ ಬರುವ ಕಾಗದ ಇಂಗ್ಲಿಷಿನಲ್ಲೋ ಚೀನೀ ಭಾಷೆಯಲ್ಲೋ ಇರುತ್ತದೆ. ಗ್ಯಾರೇಜಿನಲ್ಲಿ ತುಳುವಿನಲ್ಲಿ ಚೌಕಾಶಿ ಮಾಡಿ, ಮಲಯಾಳದಲ್ಲಿ ಲೆಕ್ಕ ಕೇಳಿ, ಮನೆಗೆ ಬಂದು ಕನ್ನಡದಲ್ಲಿ ವಿವರಿಸುವ ನಮಗೆ ಒಂದು ಅನುಕೂಲವಿದೆ: ರಿಲೇ, ಫ್ಯೂಸ್, ಅರ್ತ್ ಎಂಬ ಮಾತುಗಳು ಮೂರು ಭಾಷೆಗಳಲ್ಲೂ ಒಂದೇ. ಈ ಮೂರು ಮಾತು ಗೊತ್ತಿದ್ದರೆ ಎಲೆಕ್ಟ್ರಿಷಿಯನ್ ಮಾಡಿದ್ದು ಸರಿಯೋ ತಪ್ಪೋ ಎಂದು ಯಾವ ಮನೆಯವರೂ ನೋಡಿಕೊಳ್ಳಬಹುದು.

ಅವಸರದ ಕೆಲಸ ಹೇಗಿರುತ್ತದೆಂದರೆ, ಹಿಂದಿನ ರಿವರ್ಸ್ ಬಲ್ಬಿನ ವಯರನ್ನು ಕತ್ತರಿಸಿ, ಹೊಸ ದೀಪದ ವಯರನ್ನು ಅದಕ್ಕೆ ತಿರುಚಿ, ಮೇಲೆ ಟೇಪು ಸುತ್ತಿಬಿಡುವುದು. ಐದು ನಿಮಿಷದ ಕೆಲಸ, ದೀಪವೂ ಉರಿಯುತ್ತದೆ. ಆದರೆ ರಿವರ್ಸ್ ದೀಪವನ್ನು ಹೊತ್ತಿಸುವುದು ಗೇರ್ ಪೆಟ್ಟಿಗೆಗೆ ತಿರುಪಿಟ್ಟ ಒಂದು ಪುಟ್ಟ ಸ್ವಿಚ್. ಅದೂ, ಅದರ ಸಪೂರ ವಯರೂ ಎರಡು 21 ವಾಟಿನ ಬಲ್ಬುಗಳಿಗೆ, ಅಂದರೆ ಮೂರೂವರೆ ಆಂಪಿಯರಿಗೆ ಲೆಕ್ಕ ಹಾಕಿ ಮಾಡಿದವು. 18 ವಾಟಿನ ಎರಡು ದೀಪ ಸೇರಿಸಿದರೆ ಇನ್ನೂ ಮೂರು ಆಂಪಿಯರ್ ಹೊರೆ ಬೀಳುತ್ತದೆ. ಸ್ವಿಚ್ಚಿನ ಒಳಗೆ ಸುಟ್ಟು ಕರಿಯಾಗುತ್ತದೆ, ಇಲ್ಲವೇ ಫ್ಯೂಸ್ ಹೋಗುತ್ತದೆ. ಹೋದಾಗ ಹೊಸ ದೀಪದ ಜತೆಗೆ ಹಳೆಯ ದೀಪವೂ ಹೋಗುತ್ತದೆ. ಮೊದಲಿದ್ದ ಬೆಳಕೂ ಇಲ್ಲ! ಅದೇ ಫ್ಯೂಸಿನಲ್ಲಿ ಬೇರೇನಾದರೂ ಇದ್ದರೆ ಅದೂ ಇಲ್ಲ.

ಸರಿಯಾದ ಕ್ರಮದಲ್ಲಿ ರಿವರ್ಸ್ ಬಲ್ಬಿನ ವಯರಿನಿಂದ ಪಡೆಯಬೇಕಾದದ್ದು ಸೂಚನೆಯನ್ನು ಮಾತ್ರ. ಶಕ್ತಿಯನ್ನು ಬ್ಯಾಟರಿಯಿಂದ ಪಡೆಯಬೇಕು. ನಡುವೆ ಇರುವುದು ರಿಲೇ. ತೋಡಿಗೆ ಕಟ್ಟ ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಂದು ಹಲಗೆ ಎತ್ತಲು ಬೇಕಾದ ಬಲ ಅಲ್ಪ, ಎತ್ತಿದ ಮೇಲೆ ಹರಿಯುವ ನೀರು ಬಹಳ. ರಿಲೇಯ ಸುರುಳಿ ಎಳೆಯುವುದು ಆಂಪಿಯರಿನ ಐದನೆಯ ಒಂದು ಪಾಲನ್ನೂ ಮೀರದು. ಗೇರ್ ಪೆಟ್ಟಿಗೆಯ ಸ್ವಿಚ್ಚಿಗೆ ಅದು ಲೆಕ್ಕಕ್ಕೇ ಇಲ್ಲ.

ರಿಲೇಯ ಬುಡದಲ್ಲಿ ನಾಲ್ಕು ಕಾಲುಗಳು, ಅವಕ್ಕೆ ಅಂಕೆಗಳು. 86ಕ್ಕೆ ರಿವರ್ಸ್ ಬಲ್ಬಿನ ಪಾಸಿಟಿವ್ ವಯರಿನಿಂದ ಒಂದು ಎಳೆ. 85 ಅರ್ತಿಗೆ. 30ಕ್ಕೆ ಬ್ಯಾಟರಿಯ ಪಾಸಿಟಿವ್, ಫ್ಯೂಸಿನ ಮೂಲಕ. 87ರಿಂದ ಹೊಸ ದೀಪಗಳಿಗೆ. ದೀಪಗಳ ಇನ್ನೊಂದು ವಯರು ಅರ್ತಿಗೆ. ಇಷ್ಟೇ. 18 ವಾಟಿನ ಎರಡು ದೀಪಗಳಿಗೆ 5 ಆಂಪಿಯರಿನ ಫ್ಯೂಸ್ ಸಾಕು. ಫ್ಯೂಸ್ ಎಲ್ಲಿದೆ ಎಂಬುದನ್ನು ಕಣ್ಣಾರೆ ನೋಡಿಕೊಳ್ಳಿ. ಅದು ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇರಬೇಕು. ದೀಪದ ಹತ್ತಿರ ಫ್ಯೂಸ್ ಇಟ್ಟರೆ ನಡುವಿನ ಐದು ಮೀಟರ್ ವಯರಿಗೆ ರಕ್ಷಣೆಯೇ ಇಲ್ಲ; ಎಲ್ಲಿಯಾದರೂ ಉಜ್ಜಿ ಕಬ್ಬಿಣಕ್ಕೆ ತಾಗಿದರೆ ಬೆಂಕಿ. ವಯರು 1.5 ಚದರ ಮಿಲಿಮೀಟರಿನ ತಾಮ್ರದ್ದಿರಲಿ. ಐದು ಮೀಟರಿಗೆ ಅದರಲ್ಲಿ ಕಳೆದುಹೋಗುವುದು ಒಂದು ವೋಲ್ಟಿನ ಐದನೆಯ ಒಂದು ಪಾಲು. ಅರ್ಧ ಮಿಲಿಮೀಟರಿನದ್ದಾದರೆ ಅರ್ಧ ವೋಲ್ಟಿಗೂ ಮಿಕ್ಕು.

ಕೆಲಸಕ್ಕೆ ಮುಂಚೆ ಬ್ಯಾಟರಿಯ ನೆಗೆಟಿವ್ ಬಿಚ್ಚಬೇಕು. ರಿವರ್ಸ್ ವಯರು ಯಾವುದೆಂದು ಟೆಸ್ಟ್ ಲ್ಯಾಂಪಿನಿಂದ ಹುಡುಕುವಾಗ ಮಾತ್ರ ಅದನ್ನು ಜೋಡಿಸಿ, ಇಂಜಿನ್ ಆರಿಸಿ, ಚಕ್ರಕ್ಕೆ ಕಲ್ಲಿಟ್ಟು, ಬರೇ ಕೀ ತಿರುಗಿಸಿ ಗೇರ್ ಹಾಕಿ ನೋಡಬೇಕು. ಹಳದಿ ಹೊದಿಕೆಯ ವಯರುಗಳ ಗೊಡವೆಗೆ ಹೋಗಬಾರದು. ಅವು ಸಾಮಾನ್ಯವಾಗಿ ಏರ್‌ಬ್ಯಾಗಿನವು. ಲಾರಿ ಬಸ್ಸುಗಳದ್ದು 24 ವೋಲ್ಟ್, ಅವಕ್ಕೆ ರಿಲೇಯೂ 24 ವೋಲ್ಟಿನದ್ದೇ ಆಗಬೇಕು. ಬಲ್ಬು ಕೆಟ್ಟರೆ ತಾನೇ ತಿಳಿಸುವ ಕಂಪ್ಯೂಟರ್ ಇರುವ ಹೊಸ ಕಾರುಗಳಲ್ಲಿ ಈ ಕೈಚಳಕ ಬೇಡವೇ ಬೇಡ. ಆ ಕಂಪ್ಯೂಟರ್ ಆಗಾಗ ಕಳುಹಿಸುವ ಪರೀಕ್ಷೆಯ ಮಿಡಿತಕ್ಕೆ ದೀಪ ಮಿಣುಕುವುದುಂಟು, ವಾರಂಟಿಯೂ ಕೈತಪ್ಪೀತು.

ನಮ್ಮ ಊರಿಗೇ ಸೇರಿದ ಶತ್ರುಗಳು ಮೂರು: ಮಳೆ, ಉಪ್ಪುಗಾಳಿ, ಇಲಿ. ವರ್ಷಕ್ಕೆ ಸುಮಾರು ಮೂರೂವರೆ ಸಾವಿರ ಮಿಲಿಮೀಟರ್ ಮಳೆ ಬೀಳುವಲ್ಲಿ ತಿರುಚಿ ಟೇಪು ಸುತ್ತಿದ ಜೋಡಣೆ ಒಂದು ಮಳೆಗಾಲ ದಾಟುವುದಿಲ್ಲ. ಸೀಸ ಹಾಕಿ ಬೆಸೆದು, ಬಿಸಿಗೆ ಕುಗ್ಗುವ ಕೊಳವೆ ಹಾಕಬೇಕು. ಮಂಜೇಶ್ವರ, ಉಪ್ಪಳ, ಕುಂಬಳೆಯ ಕಡಲ ಬದಿಯವರಿಗೆ ಅರ್ತಿನ ಬೋಲ್ಟೇ ತಲೆನೋವು. ಪೇಂಟು ಕೆರೆದು ಹೊಳೆಯುವ ಕಬ್ಬಿಣಕ್ಕೆ ಬಿಗಿದು ಮೇಲೆ ವ್ಯಾಸಲೀನ್ ಹಚ್ಚಿದರೆ ತಕ್ಕಮಟ್ಟಿಗೆ ಬಾಳುತ್ತದೆ. ಅಡಿಕೆಯ ಅಟ್ಟದ ಕೆಳಗೆ ಬಂಡಿ ನಿಲ್ಲಿಸುವವರು ವಯರನ್ನು ಸುಕ್ಕಿನ ಪೈಪಿನೊಳಗೆ ಹಾಯಿಸುವುದು ಒಳ್ಳೆಯದು. ಇಲಿಗೆ ಇದೂ ದೊಡ್ಡ ಅಡ್ಡಿಯಲ್ಲ, ಸ್ವಲ್ಪ ತಡ ಮಾತ್ರ.

ದೀಪವನ್ನು ಬಂಪರಿನ ಕೆಳಗೆ, ಬೆಳಕು ಹಿಂದೆ ಮೂರು ನಾಲ್ಕು ಮೀಟರಿನೊಳಗೆ ನೆಲಕ್ಕೆ ಬೀಳುವಂತೆ ಬಾಗಿಸಿ ಇಡಬೇಕು. ದೂರಕ್ಕೆ ಈಟಿಯಂತೆ ಹೋಗುವ ದೀಪ ಇಲ್ಲಿ ಪ್ರಯೋಜನವಿಲ್ಲ. ಅಗಲಕ್ಕೆ ಹರಡುವುದು ಬೇಕು. ತೀರ ನೀಲಿ ಛಾಯೆಯದ್ದು ಮಳೆಯ ಹನಿಗೆ ತಾಗಿ ನಮ್ಮ ಕಣ್ಣಿಗೇ ಹೊಡೆಯುತ್ತದೆ.

ಇನ್ನು ಕಾನೂನು. ಯಕ್ಷಗಾನ ಮುಗಿದು ಗದ್ದೆಯಿಂದ ಬಂಡಿಗಳು ಹೊರಡುವ ಹೊತ್ತಿನಲ್ಲಿ, ಹಿಂದಿನ ದೀಪವನ್ನು ಬೇರೆ ಸ್ವಿಚ್ಚಿಗೆ ಜೋಡಿಸಿ ಉರಿಸಿಕೊಂಡೇ ಮಾರ್ಗಕ್ಕೆ ಇಳಿಯುವವರನ್ನು ಎಲ್ಲರೂ ಕಂಡಿದ್ದೇವೆ. ಹಿಂದೆ ಬೈಕಿನಲ್ಲಿ ಬರುವವನಿಗೆ ಆ ಕ್ಷಣ ಮಾರ್ಗವೇ ಕಾಣುವುದಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 108ನೆಯ ನಿಯಮದಂತೆ ವಾಹನದ ಹಿಂದಕ್ಕೆ ಕೆಂಪಲ್ಲದ ಬೆಳಕು ಕಾಣಬಾರದು. ರಿವರ್ಸ್ ತೆಗೆಯುವಾಗಿನ ಬಿಳಿ ಬೆಳಕಿಗೆ, ನಂಬರ್ ಪ್ಲೇಟಿನ ಬೆಳಕಿಗೆ, ಟ್ರ್ಯಾಕ್ಟರಿನ ಉಳುವ ದೀಪಕ್ಕೆ ವಿನಾಯಿತಿ ಇದೆ. ಹೀಗಿರುವಾಗ ಬೇರೆ ಸ್ವಿಚ್ ಸರ್ವಥಾ ಕೂಡದು.

ಗೇರಿಗೇ ಜೋಡಿಸಿದರೂ ನಿಶ್ಚಿಂತೆ ಎನ್ನುವಂತಿಲ್ಲ. ತಯಾರಕರು ಕೊಟ್ಟ ಮೂಲರೂಪಕ್ಕೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು ಸುಪ್ರೀಂ ಕೋರ್ಟು 2019ರ ಜನವರಿ 9ರಂದು ತೀರ್ಪಿತ್ತಿತು. ಅದು ಕೇರಳದಿಂದಲೇ ಹೋದ ಮೊಕದ್ದಮೆ. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ವಿಧಿಯಲ್ಲಿ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಸಜೆ, ಅಥವಾ ಎರಡೂ. 2022ರ ಅಕ್ಟೋಬರ್ 5ರ ರಾತ್ರಿ ಪಾಲಕ್ಕಾಡು ಜಿಲ್ಲೆಯ ವಡಕ್ಕಂಚೇರಿಯಲ್ಲಿ ಪ್ರವಾಸಿ ಬಸ್ಸು ಸರಕಾರಿ ಬಸ್ಸಿಗೆ ಹಿಂದಿನಿಂದ ಬಡಿದು ಒಂಬತ್ತು ಮಂದಿ ತೀರಿಕೊಂಡ ಬಳಿಕ ಹೆಚ್ಚುವರಿ ದೀಪಗಳ ಮೇಲೆ ಹೈಕೋರ್ಟಿನ ಕಣ್ಣು ಬಿದ್ದಿತು. ಅಲ್ಲಿ ಕಾರಣ ದೀಪವಲ್ಲ, ಅತಿವೇಗ. ಆದರೆ ತಪಾಸಣೆ ಅಂದಿನಿಂದ ಬಿಗಿಯಾಗಿದೆ. ಇದು ಕೇರಳದ ಕಾನೂನು, ಮಂಗಳೂರಿನಲ್ಲಿ ಹಾಕಿಸಿದರೆ ತೊಂದರೆಯಿಲ್ಲ ಎಂದು ತಿಳಿದವರಿದ್ದಾರೆ. ಕಾಯಿದೆ 1988ರದ್ದು, ಕೇಂದ್ರದ್ದು. ತಲಪಾಡಿಯ ಆಚೆಗೂ ಈಚೆಗೂ ಅದೊಂದೇ.

ಆದುದರಿಂದ ನಮ್ಮ ಅಭಿಪ್ರಾಯ ಹೀಗೆ: ತೋಟದೊಳಗೆ ದುಡಿಯುವ ಜೀಪು, ಪಿಕಪ್‌ಗಳಿಗೆ ಮೇಲಿನ ಕ್ರಮದಲ್ಲಿ ದೀಪ ಬೇಕೆನ್ನುವವರು ಮಾರ್ಗಕ್ಕೆ ಇಳಿಸುವ ಮುನ್ನ ಆರ್‌ಟಿಓ ಕಚೇರಿಯಲ್ಲಿ ಕೇಳಿ ತಿಳಿಯಲಿ. ಕಾರು ಮಾತ್ರ ಇರುವ ಮನೆಗಳಿಗೆ ಬಂಡಿಯಲ್ಲಿ ದೀಪ ಹೆಚ್ಚಿಸುವುದಕ್ಕಿಂತ ಅಂಗಳಕ್ಕೆ ದೀಪ ಹಾಕಿಸುವುದೇ ಮೇಲು. ಶೆಡ್ಡಿನ ಮೂಲೆಯಲ್ಲಿ ಒಂದು, ದಾರಿ ಬರೆಗೆ ತಿರುಗುವಲ್ಲಿ ಒಂದು, ಎರಡಕ್ಕೂ ಚಾವಡಿಯಲ್ಲಿ ಒಂದು ಸ್ವಿಚ್. ಖರ್ಚು ಕಡಿಮೆ, ದಂಡದ ಭಯವಿಲ್ಲ, ಹಾವು ತುಳಿಯದಂತೆ ಹಟ್ಟಿಗೆ ಹೋಗಿ ಬರಲೂ ಆಯಿತು.

ದೀಪ ಎಲ್ಲಿದ್ದರೂ ಬಂಡಿ ಹಿಂದಕ್ಕೆ ಬರುವಾಗ ಮನೆಯವರೊಬ್ಬರು ಹೊರಗೆ ನಿಲ್ಲಬೇಕು. ಬಂಡಿಯ ಬೆನ್ನಿಗಲ್ಲ, ಚಾಲಕನಿಗೆ ಬಲಗಡೆಯ ಕನ್ನಡಿಯಲ್ಲಿ ಕಾಣುವಂತೆ. ಸಣ್ಣ ಮಕ್ಕಳಿದ್ದರೆ ಅವರ ಕೈಯಲ್ಲೇ ಮಗುವಿನ ಕೈ ಇರಲಿ. ಕನ್ನಡಿಯಲ್ಲಿ ಅವರು ಕಾಣದಾದರೆ ಚಾಲಕ ಅಲ್ಲೇ ಬ್ರೇಕು ಹಾಕಿ, ಇಳಿದು ನೋಡಬೇಕು.