ಬಾಣಂತಿಯ ಪಥ್ಯವೂ ತಾಯಿಯ ಹಾಲೂ

ನಮ್ಮ ನಾಡಿನ ಮನೆಗಳಲ್ಲಿ ಹೆರಿಗೆಯಾದೊಡನೆ ಅಡಿಗೆಯ ಕ್ರಮವೇ ಬೇರೆಯಾಗುವುದು ವಾಡಿಕೆ. ಬಾಣಂತಿಗೆಂದು ಬೇರೆಯಾಗಿ ಒಲೆಯ ಮೇಲೆ ಮೆಣಸಿನ ಸಾರು ಕುದಿಯುತ್ತದೆ. ತುಪ್ಪದಲ್ಲಿ ಬೆಳ್ಳುಳ್ಳಿ ಬಾಡುತ್ತದೆ. ಒಣಕೊಬ್ಬರಿ, ಉತ್ತುತ್ತೆ, ಗಸಗಸೆ, ಬೆಲ್ಲ, ತುಪ್ಪದಲ್ಲಿ ಹುರಿದ ಅಂಟು, ಇವೆಲ್ಲ ಕೂಡಿ ಅಂಟಿನುಂಡೆಯಾಗುತ್ತವೆ. ಉತ್ತರದ ಜಿಲ್ಲೆಗಳಲ್ಲಿ ಅಳವಿಯ ಪಾಯಸ ಮಾಡುವುದುಂಟು. ಮೈಸೂರಿನ ಕಡೆ ಸಬ್ಬಸಿಗೆ ಸೊಪ್ಪಿಗೆ ಬಹು ಮರ್ಯಾದೆ. ಮೆಂತ್ಯವಂತೂ ಎಲ್ಲ ಕಡೆಯೂ ಸಲ್ಲುತ್ತದೆ. ಇವುಗಳಲ್ಲಿ ಹಲವನ್ನು ಕೊಡುವಾಗ ಹಿರಿಯರು ಹೇಳುವ ಕಾರಣ ಒಂದೇ: ಹಾಲು ಹೆಚ್ಚುತ್ತದೆ ಎಂಬುದು. ಈ ಮಾತಿನಲ್ಲಿ ಎಷ್ಟು ನಿಜವಿದೆ, ಎಷ್ಟು ನಂಬಿಕೆಯಿದೆ, ಎಲ್ಲಿ ಅಪಾಯವಿದೆ ಎಂಬುದನ್ನು ವಿವೇಚಿಸುವುದು ನಮ್ಮ ಈ ಹೊತ್ತಿನ ಉದ್ದೇಶ.

ಮೊದಲು ಶಾಸ್ತ್ರಗ್ರಂಥಗಳನ್ನು ನೋಡೋಣ. ಚರಕಸಂಹಿತೆಯಲ್ಲಿ ಔಷಧಿಗಳನ್ನು ಹತ್ತುಹತ್ತರ ಗುಂಪುಗಳಾಗಿ ವಿಂಗಡಿಸಿರುವ ಅಧ್ಯಾಯವೊಂದಿದೆ. ಅಲ್ಲಿ ಹಾಲನ್ನು ಹುಟ್ಟಿಸುವ ಗುಂಪು ಬೇರೆ, ಹಾಲನ್ನು ಶುದ್ಧಿಮಾಡುವ ಗುಂಪು ಬೇರೆ. ಹುಟ್ಟಿಸುವ ಗುಂಪಿನಲ್ಲಿರುವುವು ಹೆಚ್ಚಾಗಿ ಲಾವಂಚ, ದರ್ಭೆ, ಕುಶ ಮೊದಲಾದ ಹುಲ್ಲುಜಾತಿಯ ಬೇರುಗಳು, ಶಾಲಿ ಮತ್ತು ಷಷ್ಟಿಕವೆಂಬ ಬತ್ತಗಳೊಡನೆ. ಶುಂಠಿ ಬರುವುದು ಶುದ್ಧಿಮಾಡುವ ಗುಂಪಿನಲ್ಲಿ. ಇಂದು ಎಲ್ಲರ ಬಾಯಲ್ಲಿಯೂ ಇರುವ ಶತಾವರಿ, ಹಳ್ಳಿಗರು ಹಲವು ಮಕ್ಕಳ ತಾಯಿ ಬೇರು ಎನ್ನುವ ಆ ಗೆಡ್ಡೆ, ಚರಕನ ಆ ಹತ್ತರಲ್ಲಿ ಇಲ್ಲ. ಅದೂ ಬೆಳ್ಳುಳ್ಳಿಯೂ ಸೋರೆಯೂ ಸುಶ್ರುತನ ಪಟ್ಟಿಯಲ್ಲಿ ಇವೆ. ಆದರೆ ಸುಶ್ರುತನ ವಿಶೇಷ ಪಟ್ಟಿಯಲ್ಲಿಲ್ಲ, ಕಾರಣವನ್ನು ಹೇಳುವ ರೀತಿಯಲ್ಲಿದೆ. ಕೋಪ, ಶೋಕ, ಕೂಸಿನ ಮೇಲೆ ವಾತ್ಸಲ್ಯವಿಲ್ಲದಿರುವುದು, ಇವುಗಳಿಂದ ಹಾಲು ಬತ್ತುವುದೆಂದು ಅವನು ಹೇಳುತ್ತಾನೆ. ಹಾಲು ಬರಿಸುವ ಉಪಾಯಗಳನ್ನು ಎಣಿಸುವಾಗ ಧಾನ್ಯಕ್ಕೂ ಮುಂಚೆ ಅವನು ಇಡುವುದು ಸೌಮನಸ್ಯವನ್ನು, ಎಂದರೆ ಮನಸ್ಸಿನ ನೆಮ್ಮದಿಯನ್ನು. ಕೂಸನ್ನು ಮುಟ್ಟಿದರೆ, ಕಂಡರೆ, ನೆನೆದರೆ ಹಾಲು ಸುರಿಯುವುದೆಂಬುದೂ ಅವನ ಮಾತೇ.

ಆಧುನಿಕ ಶರೀರಶಾಸ್ತ್ರ ಇದಕ್ಕೆ ಏನನ್ನುತ್ತದೆ? ಮಿದುಳಿನ ಬುಡದಲ್ಲಿ ಪಿಟ್ಯುಟರಿ ಎಂಬ ಕಿರಿಯ ಗ್ರಂಥಿಯೊಂದುಂಟು. ಕೂಸು ಮೊಲೆಯುಣ್ಣುವಾಗ ಆ ಸ್ಪರ್ಶದ ಸುದ್ದಿ ನರಗಳ ಮೂಲಕ ಮಿದುಳಿಗೆ ಮುಟ್ಟಿ, ಈ ಗ್ರಂಥಿಯಿಂದ ಎರಡು ರಸಗಳು ರಕ್ತಕ್ಕೆ ಇಳಿಯುತ್ತವೆ. ಪ್ರೊಲ್ಯಾಕ್ಟಿನ್ ಎಂಬುದು ಹಾಲನ್ನು ತಯಾರಿಸುವ ಆಜ್ಞೆ; ಆಕ್ಸಿಟೋಸಿನ್ ಎಂಬುದು ತಯಾರಾದ ಹಾಲನ್ನು ಹೊರಕ್ಕೆ ನೂಕುವ ಆಜ್ಞೆ. ಎರಡನೆಯದು ಭಯ, ನೋವು, ಚಿಂತೆಗಳಿಂದ ತಡೆಯಲ್ಪಡುತ್ತದೆ; ಕೂಸಿನ ಅಳುವನ್ನು ಕೇಳಿದ ಮಾತ್ರಕ್ಕೇ ಹೊರಡುವುದೂ ಉಂಟು. ಸುಶ್ರುತನ ಮಾತಿಗೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ಬೇಕಾಗಿಲ್ಲ.

ಇಷ್ಟೇ ಅಲ್ಲ. ಮೊಲೆಯಲ್ಲಿ ಹಾಲು ಉಳಿದುಹೋದರೆ ಅಲ್ಲಿಯ ಕೋಶಗಳು ತಮ್ಮ ಕೆಲಸವನ್ನು ನಿಧಾನಿಸುತ್ತವೆ, ಬರಿದಾದರೆ ಚುರುಕಾಗುತ್ತವೆ. ಸೇದುವ ಬಾವಿಯಲ್ಲಿ ನೀರು ಊರುವಂತೆ, ಉಣಿಸಿದಷ್ಟೂ ಹಾಲು ಊರುತ್ತದೆ. ಆದಕಾರಣ ಹಾಲನ್ನು ಹೆಚ್ಚಿಸುವ ಸಾಧನಗಳಲ್ಲಿ ಮೊದಲನೆಯದು ತಾಯಿಯ ತಟ್ಟೆಯಲ್ಲಿಲ್ಲ, ಕೂಸಿನ ಬಾಯಲ್ಲಿದೆ. ಹುಟ್ಟಿದ ಒಂದು ಗಂಟೆಯೊಳಗೆ ಮೊಲೆಗೆ ಹಾಕುವುದು, ಹಗಲೂ ರಾತ್ರಿಯೂ ಕೇಳಿದಾಗಲೆಲ್ಲ ಉಣಿಸುವುದು, ಆರು ತಿಂಗಳು ತುಂಬುವವರೆಗೆ ನೀರನ್ನೂ ಸೇರಿಸದೆ ತಾಯಿಯ ಹಾಲನ್ನೊಂದನ್ನೇ ಕೊಡುವುದು, ಇವು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಗಳು.

ಹಾಗಾದರೆ ಮೆಂತ್ಯ ಸಬ್ಬಸಿಗೆಗಳು ವ್ಯರ್ಥವೇ? ಹಾಗೆಂದು ಹೇಳುವುದೂ ಆತುರದ ಮಾತಾದೀತು. ಶತಾವರಿಯನ್ನು ಕುರಿತು ನಮ್ಮ ದೇಶದಲ್ಲಿಯೇ ಪರೀಕ್ಷೆಗಳು ನಡೆದಿವೆ. 1996ರಲ್ಲಿ ಪ್ರಕಟವಾದ ಒಂದರಲ್ಲಿ ಪ್ರಯೋಜನ ಕಂಡುಬರಲಿಲ್ಲ. 2011ರಲ್ಲಿ ಪ್ರಕಟವಾದ ಇನ್ನೊಂದರಲ್ಲಿ ತಾಯಂದಿರ ರಕ್ತದಲ್ಲಿ ಪ್ರೊಲ್ಯಾಕ್ಟಿನ್ ಹೆಚ್ಚಿತೆಂದು ವರದಿಯಾಯಿತು. ಇಂತಹ ಆಹಾರೌಷಧಿಗಳ ಪರೀಕ್ಷೆಗಳನ್ನೆಲ್ಲ ಒಟ್ಟುಗೂಡಿಸಿ ತೂಗಿದ ಕಾಕ್ರೇನ್ ಸಮೀಕ್ಷೆ 2020ರಲ್ಲಿ ಬಂದಿತು. ಕೆಲವುದರಿಂದ ಹಾಲು ಹೆಚ್ಚಬಹುದಾದರೂ ಸಾಕ್ಷ್ಯ ಬಹು ದುರ್ಬಲ ಎಂಬುದು ಅದರ ತೀರ್ಮಾನದ ಸಾರ. ಮೆಂತ್ಯ ಅಡಿಗೆಯ ಅಳತೆಯಲ್ಲಿ ನಿರಪಾಯ. ಮಾತ್ರೆಯಾಗಿಯೂ ಪುಡಿಯಾಗಿಯೂ ಹೇರಳವಾಗಿ ನುಂಗಿದರೆ ರಕ್ತದ ಸಕ್ಕರೆಯನ್ನು ಇಳಿಸಬಹುದಾದ್ದರಿಂದ, ಸಿಹಿಮೂತ್ರಕ್ಕೆ ಮದ್ದು ತೆಗೆದುಕೊಳ್ಳುವವರು ವೈದ್ಯರನ್ನು ಕೇಳಬೇಕು.

ಬೆಳ್ಳುಳ್ಳಿಯ ಕಥೆ ಸ್ವಾರಸ್ಯವಾದದ್ದು. ಅಮೆರಿಕಾದ ಫಿಲಡೆಲ್ಫಿಯಾ ನಗರದ ಮೊನೆಲ್ ಸಂಸ್ಥೆಯ ಇಬ್ಬರು ವಿಜ್ಞಾನಿಗಳು, ಮೆನೆಲ್ಲಾ ಮತ್ತು ಬೋಶಾಂ ಎಂಬುವರು, ತಾಯಂದಿರಿಗೆ ಬೆಳ್ಳುಳ್ಳಿಯನ್ನು ಕೊಟ್ಟು ನೋಡಿದರು. ಹಾಲಿಗೆ ಅದರ ವಾಸನೆ ಬಂದಿತು. ಕೂಸುಗಳು ಮುಖ ತಿರುಗಿಸಲಿಲ್ಲ. ಹೆಚ್ಚು ಹೊತ್ತು ಮೊಲೆಯನ್ನು ಹಿಡಿದುಕೊಂಡಿದ್ದುವು. ಈ ಫಲಿತಾಂಶ 1991ರಲ್ಲಿ ಪ್ರಕಟವಾಯಿತು. ಬೆಳ್ಳುಳ್ಳಿ ಹಾಲನ್ನು ಹೆಚ್ಚಿಸುತ್ತದೆಂದು ಇದರಿಂದ ಸಿದ್ಧವಾಗಲಿಲ್ಲ. ಆದರೆ ತಾಯಿಯ ಊಟದ ರುಚಿ ಕೂಸಿಗೆ ತಲುಪುವುದೆಂಬುದು ಸಿದ್ಧವಾಯಿತು.

ಉಳಿದ ತಿನಿಸುಗಳನ್ನು ಔಷಧಿಯೆಂದಲ್ಲದೆ ಆಹಾರವೆಂದು ನೋಡಿದರೆ ಅವುಗಳ ಬೆಲೆ ತಾನಾಗಿ ತಿಳಿಯುತ್ತದೆ. ಹಾಲೂಡುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕಿಲೊಕ್ಯಾಲರಿಗಳಷ್ಟು ಹೆಚ್ಚು ಆಹಾರ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿ ಗೊತ್ತುಮಾಡಿದೆ. ಒಂದು ಹೊತ್ತಿನ ಊಟದಷ್ಟು ಹೆಚ್ಚು ಎಂದರೆ ತಪ್ಪಿಲ್ಲ. ಕೊಬ್ಬರಿ ತುಪ್ಪ ಬೆಲ್ಲಗಳ ಅಂಟಿನುಂಡೆ ಈ ಕೊರತೆಯನ್ನು ಅಂಗೈಯಗಲದಲ್ಲಿ ತುಂಬಿಕೊಡುತ್ತದೆ. ಅಳವಿಯಲ್ಲಿ ಕಬ್ಬಿಣದ ಅಂಶ ಹೇರಳ. ಸಿಪ್ಪೆಯೊಡನಿರುವ 100 ಗ್ರಾಂ ಎಳ್ಳಿನಲ್ಲಿ 1,000 ಮಿಲಿಗ್ರಾಂಗೂ ಮೀರಿ, ರಾಗಿಯಲ್ಲಿ 300 ಮಿಲಿಗ್ರಾಂಗೂ ಮೀರಿ ಸುಣ್ಣದ ಅಂಶವಿದೆ. ಇವು ಹಾಲನ್ನು ಹೆಚ್ಚಿಸದಿದ್ದರೂ ತಾಯಿಯನ್ನು ಉಳಿಸುತ್ತವೆ. ಏಕೆಂದರೆ ಸುಣ್ಣದ ವಿಷಯದಲ್ಲಿ ದೇಹ ಕೂಸಿಗೆ ಕೊರತೆಮಾಡುವುದಿಲ್ಲ, ತಾಯಿಯ ಎಲುಬಿನಿಂದಲೇ ಕಡ ತೆಗೆಯುತ್ತದೆ. ಬಡ ತಾಯಂದಿರು ತಾವು ಅರೆಹೊಟ್ಟೆಯಲ್ಲಿದ್ದರೂ ಗಣನೀಯವಾದಷ್ಟು ಹಾಲನ್ನು ಕೊಡುತ್ತಿದ್ದರೆಂಬುದನ್ನು ಡಾ. ಸಿ. ಗೋಪಾಲನ್ ಅವರು 1958ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿತು. ಆ ಹಾಲಿನ ಬೆಲೆಯನ್ನು ತೆತ್ತದ್ದು ತಾಯಿಯ ಮೈ.

ಆದರೆ ಎಲ್ಲ ಸತ್ತ್ವಗಳೂ ಹೀಗಲ್ಲ. ಬಿ ಗುಂಪಿನ ಕೆಲವು ಜೀವಸತ್ತ್ವಗಳು ತಾಯಿಯ ಊಟದಲ್ಲಿ ಇಲ್ಲದಿದ್ದರೆ ಹಾಲಿನಲ್ಲಿಯೂ ಇರುವುದಿಲ್ಲ. ನಮ್ಮ ಪಥ್ಯದ ಅಪಾಯ ಇರುವುದು ಇಲ್ಲಿ. ಕೊಡುವ ಪದಾರ್ಥಗಳಿಂದ ತೊಂದರೆಯಿಲ್ಲ. ತೊಂದರೆಯೆಲ್ಲ ತಡೆಯುವ ಪದಾರ್ಥಗಳಿಂದ. ಕೂಸಿಗೆ ವಾಯುವಾದೀತೆಂದು ಬೇಳೆಕಾಳನ್ನೂ, ಶೀತವಾದೀತೆಂದು ಹಣ್ಣುಕಾಯಿಯನ್ನೂ ಬಿಡಿಸಿ, ಬಿಳಿಯ ಅಕ್ಕಿಯ ಅನ್ನ ಸಾರಿನಲ್ಲಿಯೇ ತಿಂಗಳುಗಳನ್ನು ಕಳೆಯಿಸುವ ಮನೆಗಳು ಈಗಲೂ ಇವೆ. ಇದರ ಫಲವೇನೆಂಬುದನ್ನು ಬೆಂಗಳೂರಿನ ಹೃದ್ರೋಗ ವೈದ್ಯರು 2021ರಲ್ಲಿ ಪ್ರಕಟಿಸಿದ ಲೇಖನ ತೋರಿಸುತ್ತದೆ. ಮೊಲೆಹಾಲನ್ನೊಂದನ್ನೇ ಉಣ್ಣುತ್ತಿದ್ದ ಎಳೆಯ ಕೂಸುಗಳು ಉಸಿರು ಕಟ್ಟಿ, ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡವೇರಿ, ಪ್ರಾಣಾಪಾಯದಲ್ಲಿ ಆಸ್ಪತ್ರೆಗೆ ಬಂದಿದ್ದುವು. ಅವುಗಳ ತಾಯಂದಿರು ಬಾಣಂತನದ ಕಟ್ಟುಪಾಡಿನಿಂದ ಪಾಲಿಷ್ ಮಾಡಿದ ಅಕ್ಕಿಯ ಅನ್ನವನ್ನೇ ಮುಖ್ಯವಾಗಿ ಉಂಡವರು. ಥಯಮಿನ್ ಎಂಬ ಜೀವಸತ್ತ್ವವನ್ನು ಕೊಟ್ಟೊಡನೆ ಕೂಸುಗಳು ಚೇತರಿಸಿಕೊಂಡುವು. ಬೇಳೆ, ಕಾಳು, ತೌಡು ಹೋಗದ ಧಾನ್ಯ, ಇವುಗಳಲ್ಲಿ ಆ ಸತ್ತ್ವ ಇದ್ದೇ ಇದೆ. ಬಾಗಿಲಲ್ಲಿಯೇ ಇದ್ದ ಮದ್ದನ್ನು ಪ್ರೀತಿಯಿಂದಲೇ ತಡೆದಂತಾಯಿತು.

ಇದೇ ಜಾತಿಯ ಇನ್ನೆರಡು ರೂಢಿಗಳುಂಟು. ಬಾಣಂತಿಗೆ ನೀರನ್ನು ಅಳೆದು ಕೊಡುವುದು ಒಂದು. ಬಾಯಾರಿದಾಗಲೆಲ್ಲ ಅವಳು ಕುಡಿಯಬೇಕು. ಮೊದಲ ದಿನಗಳ ಹಳದಿಯ ಹಾಲನ್ನು ಹಿಂಡಿ ಚೆಲ್ಲಿ, ಜೇನನ್ನೋ ಸಕ್ಕರೆನೀರನ್ನೋ ನೆಕ್ಕಿಸುವುದು ಇನ್ನೊಂದು. ಆ ಹಾಲು ರೋಗನಿರೋಧಕ ವಸ್ತುಗಳಿಂದ ತುಂಬಿದುದು. ಜೇನಾದರೋ ವರ್ಷ ತುಂಬದ ಕೂಸಿಗೆ ಸಲ್ಲದು.

ಹಾಲು ಸಾಲದೆಂಬ ಸಂಶಯ ಬಹುಮಂದಿ ತಾಯಂದಿರನ್ನು ಕಾಡುತ್ತದೆ. ಸುತ್ತಲಿನವರ ಮಾತು ಅದನ್ನು ಬೆಳೆಸುತ್ತದೆ. ಮೊದಲ ವಾರ ಕಳೆದ ಮೇಲೆ ಕೂಸು ದಿನಕ್ಕೆ ಆರು ಬಾರಿಯಾದರೂ ಬಟ್ಟೆ ನೆನೆಸುತ್ತಿದ್ದರೆ, ಎರಡು ವಾರಗಳೊಳಗೆ ಹುಟ್ಟಿದಾಗಿನ ತೂಕಕ್ಕೆ ಮರಳಿ ಮುಂದಕ್ಕೆ ಬೆಳೆಯುತ್ತಿದ್ದರೆ ಹಾಲು ಸಾಲುತ್ತಿದೆಯೆಂದೇ ಅರ್ಥ. ಹಾಗಿಲ್ಲದಿದ್ದರೆ ಪುಡಿ ಲೇಹ್ಯಗಳಿಗಾಗಿ ದಿನಗಳನ್ನು ಕಳೆಯದೆ ವೈದ್ಯರಿಗೆ ತೋರಿಸಬೇಕು.

ಅಜ್ಜಿಯಂದಿರ ಅಡಿಗೆಯನ್ನು ಬಿಡಬೇಕಾಗಿಲ್ಲವೆಂಬುದೇ ನಮ್ಮ ಅಭಿಪ್ರಾಯ. ಮೆಂತ್ಯವಿರಲಿ, ಸಬ್ಬಸಿಗೆಯಿರಲಿ, ಅಂಟಿನುಂಡೆಯೂ ಇರಲಿ. ಅವುಗಳ ಪಕ್ಕದಲ್ಲಿ ಬೇಳೆಯೂ ಕಾಯಿಪಲ್ಯವೂ ಹಣ್ಣೂ ತಂಬಿಗೆ ತುಂಬ ನೀರೂ ಇರಲಿ. ಬಾಣಂತಿಗೆ ನಿದ್ರೆಯನ್ನೂ, ಕೈಗೆ ಬಿಡುವನ್ನೂ, ಕಿವಿಗೆ ಒಳ್ಳೆಯ ಮಾತನ್ನೂ ಒದಗಿಸುವ ಹೊಣೆ ಮನೆಯ ಗಂಡಸರಿಗೂ ಸೇರಿದ್ದು. ಸೌಮನಸ್ಯವು ಅಂಗಡಿಯಲ್ಲಿ ದೊರೆಯುವ ಪದಾರ್ಥವಲ್ಲ.