ದೀಪದ ಗೂಡಲ್ಲ, ಬೆಣೆಯ ಗುಳಿ

ಹಂಪಿಯ ಹೇಮಕೂಟದ ಬಳಿ, ಶಾಲಾ ಪ್ರವಾಸಕ್ಕೆ ಬಂದಿದ್ದ ಹುಡುಗನೊಬ್ಬ ಬಂಡೆಯ ಗುಳಿಯೊಳಗೆ ಬೆರಳು ತೂರಿಸಿ ನಿಂತಿದ್ದ. ಪಕ್ಕದಲ್ಲಿ ಅಂಥದೇ ಇನ್ನೊಂದು, ಅದರಾಚೆ ಮತ್ತೊಂದು. ಹೊಲಿಗೆ ಹಾಕಿದ ಹಾಗೆ ನೇರ ಸಾಲು.

“ಸಾರ್, ದೀಪ ಇಡೋಕಾ ಇದು?”

“ಅಲ್ಲ ಕಣೋ, ಬೆಣೆ ಹೊಡೆಯೋಕೆ. ಸರಳ ಯಂತ್ರದ ಪಾಠ ಮರೆತುಬಿಟ್ಯಾ?”

ಮರೆತಿದ್ದರೆ ತಪ್ಪು ಅವನದಲ್ಲ. ಸನ್ನೆ, ರಾಟೆ, ಗಾಲಿ–ಅಚ್ಚು, ಇಳಿಜಾರು, ತಿರುಪು, ಬೆಣೆ ಎಂದು ಆರನ್ನೂ ಮಕ್ಕಳು ಗಿಣಿಪಾಠ ಒಪ್ಪಿಸುತ್ತಾರೆ. ಸನ್ನೆಗೆ ಅಡಕತ್ತರಿ, ಇಕ್ಕಳ, ಏತ ಅಂತ ಭರ್ಜರಿ ಉಪಚಾರ. ಬೆಣೆಗೆ ಒಂದು ಕೊಡಲಿಯ ಚಿತ್ರ. ವಿಜಯನಗರದ ಕಲ್ಲುಕುಟಿಗರು ಈ ಪಂಕ್ತಿಭೇದ ಒಪ್ಪುತ್ತಿರಲಿಲ್ಲ. ಒಂದನೇ ಶತಮಾನದ ಅಲೆಕ್ಸಾಂಡ್ರಿಯಾದ ಹೀರೋ ಕೂಡ ಅಷ್ಟೇ: ಅವನ ಐದು ಯಂತ್ರಗಳ ಪಟ್ಟಿಯಲ್ಲಿ ಬೆಣೆಗೆ ಜಾಗವಿತ್ತು, ಇಳಿಜಾರಿಗೆ ಇರಲಿಲ್ಲ.

ಲೆಕ್ಕ ಸುಲಭ. 10 ಸೆಂ.ಮೀ. ಉದ್ದದ, ತಲೆಯಲ್ಲಿ 2 ಸೆಂ.ಮೀ. ದಪ್ಪದ ಬೆಣೆ ಪೂರ್ತಿ ಒಳಗಿಳಿದರೆ ಸೀಳು ಅಗಲವಾಗುವುದು ಬರೀ 2 ಸೆಂ.ಮೀ. ದೂರದಲ್ಲಿ ಕಳೆದುಕೊಂಡದ್ದು ಬಲದಲ್ಲಿ ಸಿಗುತ್ತದೆ, ಐದು ಪಟ್ಟು. ಅದರಲ್ಲಿ ದೊಡ್ಡ ಪಾಲನ್ನು ಘರ್ಷಣೆ ನುಂಗಿಹಾಕುತ್ತದೆ ಅನ್ನಿ. ಆದರೆ ಹೊಡೆತ ಹೊಡೆತಕ್ಕೂ ಬೆಣೆ ಹೊರಗೆ ಪುಟಿಯದಂತೆ ಕಚ್ಚಿ ಹಿಡಿಯುವುದೂ ಆ ಘರ್ಷಣೆಯೇ. ಕೊಡಲಿಯ ಕಾವು ಕಳಚದಂತೆ ಸಣ್ಣ ಬೆಣೆ ಹೊಡೆಯುವುದು ಇದೇ ಧೈರ್ಯದ ಮೇಲೆ. ಇನ್ನು ಗ್ರಾನೈಟು: ಎಷ್ಟು ಹೇರಿದರೂ ಹೊರುತ್ತದೆ, ಎರಡು ಕಡೆಗೆ ಎಳೆದರೆ ಅದರ ಹತ್ತರಲ್ಲೊಂದು ಪಾಲಿಗೇ ಸೋಲುತ್ತದೆ. ಬೆಣೆಸಾಲು ಹುಡುಕುವುದು ಆ ದೌರ್ಬಲ್ಯವನ್ನೇ.

ಇಲ್ಲೊಂದು ಕಥೆ ತಪ್ಪದೆ ಕಿವಿಗೆ ಬೀಳುತ್ತದೆ: ಗುಳಿಗಳಿಗೆ ಒಣ ಮರದ ಗೂಟ ಬಡಿದು ನೀರು ಹೊಯ್ದರೆ, ಮರ ಉಬ್ಬಿ ಬಂಡೆ ತಾನಾಗಿ ಬಿರಿಯಿತಂತೆ. ಕೇಳಲು ಚೆಂದ. ಮರ ಉಬ್ಬುವುದೂ ಸುಳ್ಳಲ್ಲ, ಮಳೆಗಾಲದಲ್ಲಿ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುವುದನ್ನು ಯಾರು ಕಂಡಿಲ್ಲ? ಆದರೂ ನಂಬಿಕೆ ಹುಟ್ಟುವುದಿಲ್ಲ. ಗ್ರಾನೈಟಿನಲ್ಲಿ ಇಷ್ಟು ಅಚ್ಚುಕಟ್ಟಾದ ಗುಳಿ ತೋಡಲು ಕಬ್ಬಿಣದ ಉಳಿ, ಸುತ್ತಿಗೆ ಬೇಕೇ ಬೇಕು. ಅವು ಕೈಯಲ್ಲಿದ್ದವನು ಕಬ್ಬಿಣದ ಬೆಣೆಯನ್ನೇ ಬಡಿಯುವುದು ಬಿಟ್ಟು, ಮರ ನೀರು ಕುಡಿಯಲಿ ಎಂದು ಕಾಯುತ್ತಾ ಕೂರುತ್ತಾನೆಯೇ? ಕೈಯಿಂದ ಕಲ್ಲು ಸೀಳುವವರು ಈಗಲೂ ಸಾಲಿನ ಬೆಣೆಗಳಿಗೆ ಸರದಿಯಂತೆ ಪೆಟ್ಟು ಹಾಕುತ್ತಾರೆ, ಪ್ರತಿ ಸುತ್ತಿಗೂ ಸದ್ದು ಬದಲಾಗುವುದನ್ನು ಆಲಿಸುತ್ತಾರೆ. ಬಿರುಕು ಒಂದು ಗುಳಿಯಿಂದ ಇನ್ನೊಂದಕ್ಕೆ ದಾಟಿಕೊಂಡು ಹೋಗುತ್ತದೆ.

ಹಂಪಿಯಲ್ಲಿ ಗುಳಿ ತೋಡಿ, ಸೀಳದೆ ಕೈಬಿಟ್ಟ ಬಂಡೆಗಳೂ ಇವೆ. ಹುಡುಗನ ಬೆರಳಿದ್ದದ್ದು ಅಂಥದೊಂದರಲ್ಲಿ. ಮೇಷ್ಟ್ರು ಬಸ್ಸಿನತ್ತ ಮಕ್ಕಳನ್ನು ಕರೆಯುತ್ತಿದ್ದರೆ, ಅವನು ಎಲ್ಲಿಂದಲೋ ಒಣಕಡ್ಡಿಯೊಂದನ್ನು ಹೆಕ್ಕಿ ತಂದು ಗುಳಿಗೆ ತುರುಕಿದ. ಬಾಟಲಿಯಲ್ಲಿ ಉಳಿದಿದ್ದ ನೀರನ್ನೆಲ್ಲ ಅದರ ಮೇಲೆ ಸುರಿದು, ಕಿವಿಯಿಟ್ಟು ನಿಂತ.