ಯುದ್ಧಭೂಮಿಯ ದಾದಿಯೂ ಬೆಳ್ಳಂದೂರಿನ ನೀರೂ

ಯುದ್ಧದಲ್ಲಿ ಸೈನಿಕನ ಪ್ರಾಣ ತೆಗೆಯುವುದು ಗುಂಡು ಎಂದೇ ನಾವೆಲ್ಲ ಭಾವಿಸಿದ್ದೇವೆ. ಕ್ರಿಮಿಯಾ ಯುದ್ಧದ ಗಾಯಾಳುಗಳಿಗೆ ಶುಶ್ರೂಷೆ ಮಾಡಿದ ಫ್ಲಾರೆನ್ಸ್ ನೈಟಿಂಗೇಲ್ ಕಂಡ ಸತ್ಯ ಬೇರೆ. 1854ರ ನವೆಂಬರಿನಲ್ಲಿ 38 ದಾದಿಯರೊಡನೆ ಅವರು ಇಸ್ತಾಂಬುಲ್ ಸಮೀಪದ ಸ್ಕುಟಾರಿಯ ಸೇನಾ ಆಸ್ಪತ್ರೆಯನ್ನು ತಲುಪಿದರು. ಆ ಕಟ್ಟಡದ ಅಡಿಯಲ್ಲಿ ಕಟ್ಟಿಕೊಂಡ ಚರಂಡಿಗಳಿದ್ದವು. ಅನ್ನ, ಬಟ್ಟೆ, ಆರೈಕೆಗಳೆಲ್ಲ ದೊರೆತರೂ ಆ ಚಳಿಗಾಲದಲ್ಲಿ ಸಾವು ನಿಲ್ಲಲಿಲ್ಲ. ಗಾಯಕ್ಕಿಂತ ಹೆಚ್ಚಾಗಿ ಭೇದಿ, ಕಾಲರಾ, ವಿಷಮಜ್ವರಗಳೇ ಸೈನಿಕರನ್ನು ಕೊಂದವು. 1855ರ ಮಾರ್ಚಿಯಲ್ಲಿ ಬಂದ ನೈರ್ಮಲ್ಯ ಆಯೋಗವು ಚರಂಡಿಗಳನ್ನು ತೊಳೆಸಿ, ಪ್ರಾಣಿಗಳ ಕಳೇಬರಗಳನ್ನು ತೆಗೆಸಿ, ಗಾಳಿಯಾಡುವಂತೆ ಮಾಡಿದ ಮೇಲೆ ಸಾವು ವೇಗವಾಗಿ ಇಳಿಯಿತು. ಯುದ್ಧ ಮುಗಿದು ಅಂಕಿಅಂಶಗಳನ್ನು ಹರಡಿಕೊಂಡು ಕುಳಿತಾಗಲೇ ಅವರಿಗೆ ಇದರ ಅರ್ಥ ಪೂರ್ಣವಾಗಿ ಮನವರಿಕೆಯಾದದ್ದು. ದೀಪ ಹಿಡಿದು ನಡೆಯುವ ಅವರ ಚಿತ್ರಕ್ಕಿಂತ ಈ ಲೆಕ್ಕಪತ್ರವೇ ದೊಡ್ಡದೆಂದು ನಮಗನ್ನಿಸುತ್ತದೆ.

ಭಾರತಕ್ಕೆ ಅವರು ಒಮ್ಮೆಯೂ ಬರಲಿಲ್ಲ. ಆದರೆ ಇಲ್ಲಿಯ ಸೇನಾ ಠಾಣ್ಯಗಳಿಗೆಲ್ಲ ಪ್ರಶ್ನಾವಳಿ ಕಳುಹಿಸಿ ಉತ್ತರ ತರಿಸಿಕೊಂಡರು. ಭಾರತದಲ್ಲಿದ್ದ ಬ್ರಿಟಿಷ್ ಸೈನಿಕರಲ್ಲಿ ವರ್ಷಕ್ಕೆ ಸಾವಿರಕ್ಕೆ 69 ಮಂದಿ ಸಾಯುತ್ತಿದ್ದರೆಂದು 1863ರ ವರದಿ ತಿಳಿಸಿತು. ಅದರ ಜೊತೆಗೆ ಅವರು ಬರೆದ ಟಿಪ್ಪಣಿಗಳಲ್ಲಿ ಬೆಂಗಳೂರೂ ಇದೆ. ದಂಡಿನವರು ಕುಡಿಯಲು ಬಳಸುತ್ತಿದ್ದ ಹಲಸೂರು ಕೆರೆಗೇ ಸುಮಾರು 1,25,000 ಜನರ ಬಜಾರಿನ ಹೊಲಸು ಹರಿದು ಬರುತ್ತಿದೆಯೆಂದು ಅವರು ಎತ್ತಿ ತೋರಿಸಿದರು.

ಹಲಸೂರು ಕೆರೆಯ ಕೋಡಿ ನೀರು ರಾಜಕಾಲುವೆ ಹಿಡಿದು ಕೊನೆಗೆ ಸೇರುವುದು ನಮ್ಮ ಬೆಳ್ಳಂದೂರು ಕೆರೆಯನ್ನೇ. ಸುಮಾರು 900 ಎಕರೆಯ ಈ ಕೆರೆ ಸೋಪಿನ ನೊರೆಯನ್ನುಕ್ಕಿಸಿದ್ದನ್ನೂ, ನೀರಿನ ಮೇಲೆಯೇ ಬೆಂಕಿ ಹೊತ್ತಿದ್ದನ್ನೂ ನಾವು ಕಣ್ಣಾರೆ ಕಂಡಿದ್ದೇವೆ. 2018ರ ಜನವರಿಯಲ್ಲಿ ಕೆರೆಯಂಗಳದ ಬೆಂಕಿಯನ್ನು ಆರಿಸಲು ಸುಮಾರು 5,000 ಸೈನಿಕರು ಇಳಿಯಬೇಕಾಯಿತು. ಒಂದು ಕಾಲಕ್ಕೆ ಕೆರೆಯ ಹೊಲಸಿನಿಂದ ದಂಡನ್ನು ಕಾಪಾಡಲು ದಾದಿಯೊಬ್ಬರು ಬರೆದರು. ಈಗ ಕೆರೆಯನ್ನು ಕಾಪಾಡಲು ದಂಡೇ ಬರಬೇಕಾಯಿತು!

ಈ ಭಾಗದ ಅನೇಕ ಮನೆಗಳು ಕೊಳವೆಬಾವಿ ಮತ್ತು ಟ್ಯಾಂಕರ್ ನೀರನ್ನೇ ನಂಬಿವೆ. ನೀರನ್ನು ಕುದಿಸಿದರೆ ರೋಗಾಣುಗಳು ಸಾಯುತ್ತವೆ ನಿಜ. ಆದರೆ ಕೊಳಚೆಯಿಂದ ಅಂತರ್ಜಲಕ್ಕೆ ಇಳಿಯುವ ನೈಟ್ರೇಟ್ ಕುದಿಸುವುದರಿಂದ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಸಾಂದ್ರವಾಗುತ್ತದೆ. ಆರು ತಿಂಗಳೊಳಗಿನ ಶಿಶುಗಳಿಗೆ ಇದು ಹೆಚ್ಚು ಅಪಾಯಕಾರಿ. ರಕ್ತವು ಆಮ್ಲಜನಕವನ್ನು ಒಯ್ಯುವ ಶಕ್ತಿ ಕುಗ್ಗಿ ಮಗುವಿನ ತುಟಿ, ಚರ್ಮ ನೀಲಿಗಟ್ಟುತ್ತವೆ. ಬಾಣಂತಿ, ಹಸುಗೂಸುಗಳಿರುವ ಮನೆಯವರು ತಮ್ಮ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿ, ನೈಟ್ರೇಟ್ ಪ್ರಮಾಣ ಲೀಟರಿಗೆ 45 ಮಿಲಿಗ್ರಾಂ ಮೀರಿಲ್ಲವೆಂದು ಖಚಿತಪಡಿಸಿಕೊಂಡ ಬಳಿಕವೇ ಮಗುವಿಗೆ ಕುಡಿಸಬೇಕೆಂದು ಕೋರುತ್ತೇವೆ.